ಕಪಿಲೆಯಿಂದ ಸಬ್‌ಮರ್ಸಿಬಲ್‌ವರೆಗೆ: ನಮ್ಮ ಸೀಮೆಯಲ್ಲಿ ಪಂಪು ಎತ್ತಿದ ಚರಿತ್ರೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಪ್ರತಿಯೊಬ್ಬ ನಿರ್ದೇಶಕರೂ ಒಂದು ಲೇಖನ ಕೊಡಬೇಕು ಅಂತ ಆಡಳಿತ ಮಂಡಳಿಯಲ್ಲಿ ತೀರ್ಮಾನವಾಯಿತು. ಸಂಘ ಹುಟ್ಟಿದ ಕಥೆ, ಕಟ್ಟಡ ಕಟ್ಟಿದ ಕಥೆ ಇವನ್ನೆಲ್ಲ ಹಿರಿಯರು ಬರೆಯುತ್ತಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಮೋಟಾರು. ಹಾಲಿನ ಸಂಘಕ್ಕೂ ಮೋಟಾರಿಗೂ ಏನು ಸಂಬಂಧ ಅಂತ ಪಟ್ಟಣದವರು ಕೇಳಬಹುದು. ನಮ್ಮ ಸದಸ್ಯರು ಕೇಳೋದಿಲ್ಲ. ಮೋಟಾರು ಸುಟ್ಟರೆ ಹಸಿಮೇವು ಒಣಗುತ್ತೆ, ಹಸಿಮೇವು ಇಲ್ಲದಿದ್ದರೆ ಸೀಮೆಹಸು ವಾರ ಕಳೆಯೋದರೊಳಗೆ ಹಾಲು ಇಳಿಸುತ್ತೆ. ಹಾಲು ಹಾಕುವ ಪುಸ್ತಕ ನೋಡಿಯೇ ಯಾರ ಹೊಲದ ಮೋಟಾರು ಕೆಟ್ಟಿದೆ ಅಂತ ನಮ್ಮ ಕಾರ್ಯದರ್ಶಿಯವರು ಹೇಳಿಬಿಡುತ್ತಾರೆ.

ಪಂಪು ಕಂಡುಹಿಡಿದವರ ಚರಿತ್ರೆ ಪುಸ್ತಕಗಳಲ್ಲಿದೆ. ಕೆಟ್ಟ ಪಂಪನ್ನು ಆಳದಿಂದ ಮೇಲಕ್ಕೆ ತಂದು, ಬೇರೆಯದನ್ನು ಅದೇ ಜಾಗಕ್ಕೆ ಇಳಿಸಿದವರ ಚರಿತ್ರೆ ಯಾರೂ ಬರೆದ ಹಾಗೆ ಕಾಣೆ. ನಮ್ಮ ಸೀಮೆಯಲ್ಲಿ ನಿಜವಾದ ಕಷ್ಟ ಇದ್ದದ್ದು ಅಲ್ಲಿಯೇ. ನೀರು ಕೆಳಗೆ ಹೋದಂತೆಲ್ಲ ಪಂಪೂ ಅದರ ಹಿಂದೆ ಇಳಿಯಿತು, ಪಂಪು ಇಳಿದಂತೆಲ್ಲ ರಿಪೇರಿ ನಮ್ಮ ಕೈ ಬಿಟ್ಟು ಹೋಯಿತು. ಇದನ್ನೇ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಮೊದಲು ನಮ್ಮ ನೆಲದ ವಿಚಾರ ಒಂದೆರಡು ಮಾತು. ನಂದಿಬೆಟ್ಟ ಮತ್ತು ಅದರ ಸುತ್ತಮುತ್ತಲ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಹುಟ್ಟುವುದಷ್ಟೇ ಇಲ್ಲಿ, ಹರಿಯುವುದು ಇನ್ನೆಲ್ಲೋ. ವರ್ಷವಿಡೀ ನೀರಿರುವ ಒಂದು ಹೊಳೆಯೂ ನಮಗಿಲ್ಲ. ಕನ್ನಂಬಾಡಿ ಕಟ್ಟೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ಮುದ್ದೇನಹಳ್ಳಿಯವರು, ಆದರೆ ಕಟ್ಟೆ ಕಟ್ಟೋದಕ್ಕೆ ಒಂದು ನದಿ ಬೇಕಲ್ಲ! ಹಾಗಾಗಿ ಹಿರಿಯರು ಕೆರೆ ಕಟ್ಟಿದರು, ಕೆರೆ ಕೆಳಗೆ ಬಾವಿ ತೋಡಿದರು. ಕೆರೆ ತುಂಬಿದರೆ ಬಾವಿಗೆ ಊಟೆ ಬರುತ್ತಿತ್ತು.

ಬಾವಿ ನೀರು ಎತ್ತೋದಕ್ಕೆ ಏತ, ಕಪಿಲೆ ಇದ್ದವು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಮೈಸೂರು ಸೀಮೆಯೆಲ್ಲ ಸುತ್ತುತ್ತಾ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯೂ ಬಂದಿದ್ದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಏತ, ಕಪಿಲೆ ಎರಡರ ಹೆಸರೂ ಇದೆ. ಕಪಿಲೆ ಅಂದ್ರೆ ಏನು ಅಂತ ಈಗಿನ ಹುಡುಗರಿಗೆ ಹೇಳಬೇಕು. ಬಾವಿ ದಡದ ಮೇಲೆ ಎರಡು ಕಂಬ, ಮಧ್ಯೆ ರಾಟೆ. ಹಗ್ಗದ ಒಂದು ತುದಿಗೆ ದೊಡ್ಡ ಚರ್ಮದ ಚೀಲ, ಇನ್ನೊಂದು ತುದಿಗೆ ಜೋಡೆತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚೀಲ ಮೇಲಕ್ಕೆ ಬಂದು ತಾನಾಗಿ ನೀರು ಸುರಿಯುತ್ತಿತ್ತು. ಎತ್ತು ಹಿಂದಕ್ಕೆ ಬಂದರೆ ಚೀಲ ಮತ್ತೆ ಬಾವಿಗೆ.

ಈ ಯಂತ್ರದಲ್ಲಿ ನೀರಿನೊಳಗೆ ಇಳಿಯುತ್ತಿದ್ದುದು ಚೀಲ ಮತ್ತು ಹಗ್ಗ ಮಾತ್ರ. ಅವೂ ಗಳಿಗೆಗೊಂದು ಸಲ ಮೇಲಕ್ಕೆ ಬರುತ್ತಿದ್ದವು. ಚೀಲ ತೂತಾಗಿದ್ದರೆ ಆಗಲೇ ಕಾಣುತ್ತಿತ್ತು. ಚೀಲ ಹೊಲಿಯುವವರು ಊರಲ್ಲೇ ಇದ್ದರು, ರಾಟೆ ಮಾಡುವ ಬಡಗಿ ಊರಲ್ಲೇ ಇದ್ದ. ಅವರಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ಬಿಂದಿಗೆ ಬಾವಿಗೆ ಬಿದ್ದರೆ ಪಾತಾಳಗರಡಿ ಇಳಿಸಿ ಎತ್ತುತ್ತಿದ್ದರು, ಊರಿಗೊಂದು ಪಾತಾಳಗರಡಿ ಇದ್ದರೆ ಸಾಕಾಗುತ್ತಿತ್ತು. ಕಪಿಲೆ ಕಾಲ ಸುಖದ ಕಾಲ ಅಂತ ನಾನು ಹೇಳೋದಿಲ್ಲ. ಚೀಲ ಹೊಲಿದುಕೊಟ್ಟವರಿಗೇ ಎಷ್ಟೋ ಊರಲ್ಲಿ ಬಾವಿ ಮುಟ್ಟಲು ಬಿಡುತ್ತಿರಲಿಲ್ಲ. ಬೆಳಗಿನ ಜಾವದಿಂದ ಹೊಡೆದರೂ ತೋಯುತ್ತಿದ್ದುದು ಸ್ವಲ್ಪ ನೆಲ. ನಮ್ಮ ತಾತ ಕಪಿಲೆ ಹೊಡೆದ ಭುಜ ತೋರಿಸಿ ಬೈಯುತ್ತಿದ್ದರೇ ಹೊರತು ಅದನ್ನು ಹೊಗಳಿದ್ದು ನಾನು ಕೇಳಿಲ್ಲ.

ಇಂಜಿನ್ ಪಂಪು ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಶತಮಾನದ ಮೊದಲ ವರ್ಷಗಳಲ್ಲೇ ರೈತರ ಬಾವಿಗೆ ಆಯಿಲ್ ಇಂಜಿನ್ ಕೂರಿಸಿ ಪರೀಕ್ಷೆ ಮಾಡಿದ್ದರು. ಆಮೇಲೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಅವರೇ ಮೈಸೂರಿನ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿದ್ದರು. ಬೆಳಗಾವಿಯಲ್ಲಿ ಸೈಕಲ್ ಮಾರುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ಶುರುಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1926ರಲ್ಲಿ ಅವರ ಕಾರ್ಖಾನೆಯಿಂದ ಸೆಂಟ್ರಿಫ್ಯೂಗಲ್ ಪಂಪು ಹೊರಬಂತು. ಕೊಯಮತ್ತೂರಿನವರೂ ಕೈ ಹಾಕಿದರು. ನಮ್ಮ ಹಳ್ಳಿಗಳಿಗೆ ಇದು ತಲುಪುವ ಹೊತ್ತಿಗೆ ಸ್ವಾತಂತ್ರ್ಯ ಬಂದು ವರ್ಷಗಳೇ ಆಗಿದ್ದವು. ಅಲ್ಲೊಬ್ಬರು ಇಲ್ಲೊಬ್ಬರು ಸ್ಥಿತಿವಂತರು ಪೀಟರ್ ಇಂಜಿನ್ ತಂದರು. ಭೂ ಅಭಿವೃದ್ಧಿ ಬ್ಯಾಂಕು ಜಮೀನಿನ ಮೇಲೆ ಸಾಲ ಕೊಡಲು ಶುರುಮಾಡಿದ ಮೇಲೆ ಉಳಿದವರೂ ತಂದರು.

ಇಲ್ಲಿಂದ ಪಂಪು ಕೆಳಗಿಳಿಯೋ ಕಥೆ ಶುರು. ಇಂಜಿನ್ ಪಂಪು ತನ್ನ ಶಕ್ತಿಗೆ ತಕ್ಕಷ್ಟು ದೂರ ನೀರನ್ನು ಮೇಲಕ್ಕೆ ತಳ್ಳುತ್ತೆ, ಆದರೆ ಎಂಥ ಪಂಪಾದರೂ ಕೆಳಗಿನಿಂದ ಹೀರೋದಕ್ಕೆ ಒಂದು ಮಿತಿ ಇದೆ. ಇದು ಕಂಪನಿಯವರ ಮೋಸ ಅಲ್ಲ, ಗಾಳಿಯ ನಿಯಮ. ಇಟಲಿ ದೇಶದ ಗೆಲಿಲಿಯೋ 1638ರಲ್ಲಿ ಬರೆದ ಪುಸ್ತಕದಲ್ಲಿ, ಹೀರುವ ಪಂಪು ಹದಿನೆಂಟು ಮೊಳಕ್ಕಿಂತ ಮೇಲೆ ನೀರು ಎಳೆಯುವುದಿಲ್ಲ ಅಂತ ಪಂಪಿನ ಕೆಲಸಗಾರ ತನಗೆ ಹೇಳಿದ ವಿಚಾರ ಇದೆ. ಅವರ ಶಿಷ್ಯ ಟಾರಿಸೆಲ್ಲಿ 1643ರ ಸುಮಾರಿನಲ್ಲಿ ಪಾದರಸದ ಕೊಳವೆ ಇಟ್ಟು ಕಾರಣ ತೋರಿಸಿದರು. ಪಂಪು ನೀರನ್ನು ಎಳೆಯುವುದೇ ಇಲ್ಲ, ಹೊರಗಿನ ಗಾಳಿಯ ಭಾರ ನೀರನ್ನು ಪೈಪಿನೊಳಕ್ಕೆ ಒತ್ತುತ್ತೆ. ಆ ಭಾರಕ್ಕೆ ಸಮುದ್ರದ ಮಟ್ಟದಲ್ಲಿ 34 ಅಡಿ ನೀರು ಸರಿಸಮ. ಚಿಕ್ಕಬಳ್ಳಾಪುರದಂಥ ಎತ್ತರದ ಜಾಗದಲ್ಲಿ ಅದು 30 ಅಡಿ ಹತ್ತಿರಕ್ಕೆ ಇಳಿಯುತ್ತೆ. ಪೈಪಿನ ಸವಕಳಿ, ಫುಟ್‌ವಾಲ್ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗೋದು 20, 22 ಅಡಿ.

ಅಂದ್ರೆ ನೀರು 40 ಅಡಿಯಲ್ಲಿದ್ದರೆ ಪಂಪನ್ನು ದಡದ ಮೇಲೆ ಇಡುವ ಹಾಗಿಲ್ಲ, ಬಾವಿಯೊಳಗೆ ಇಳಿಸಬೇಕು. ಹಾಗಾಗಿ ಬಾವಿ ಗೋಡೆಯಲ್ಲಿ ಬಂಡೆ ಕೊರೆದು ಕಟ್ಟೆ ಮಾಡಿದರು, ಇಲ್ಲವೇ ಅಡ್ಡಕ್ಕೆ ಕಲ್ಲುಚಪ್ಪಡಿ, ಕಬ್ಬಿಣದ ತೊಲೆ ಹಾಕಿ ಅದರ ಮೇಲೆ ಪಂಪು ಕೂರಿಸಿದರು. ಗೋಡೆಯಿಂದ ಚಾಚಿದ ಕಲ್ಲುಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಗೋಡೆ ಹಿಡಿದು ಇಳಿಯಬೇಕು. ಪ್ರತಿ ಸಲ ಶುರುಮಾಡುವಾಗಲೂ ಪಂಪಿಗೆ ನೀರು ತುಂಬಿಸಬೇಕು. ಫುಟ್‌ವಾಲ್ ನೀರು ನಿಲ್ಲಿಸದಿದ್ದರೆ ಸಗಣಿ ಕದಡಿದ ನೀರು ಹುಯ್ಯುತ್ತಿದ್ದರು, ಸಗಣಿ ಹೋಗಿ ಸಂದಿ ಮುಚ್ಚುತ್ತಿತ್ತು. ಯಾವ ಇಂಜಿನಿಯರ್ ಪುಸ್ತಕದಲ್ಲಿ ಇದೆಯೋ ಇಲ್ಲವೋ, ಕೆಲಸವಂತೂ ಆಗುತ್ತಿತ್ತು.

ಬೇಸಿಗೆಯಲ್ಲಿ ನೀರು ಇಳಿದರೆ ಪಂಪನ್ನು ಕೆಳಗಿನ ಕಟ್ಟೆಗೆ ಇಳಿಸಬೇಕು. ಮಳೆಗಾಲದಲ್ಲಿ ಊಟೆ ಒಡೆದು ರಾತ್ರೋರಾತ್ರಿ ನೀರು ಏರಿದರೆ ಮೇಲಕ್ಕೆ ತರಬೇಕು. ಕರೆಂಟಿನ ಮೋಟಾರಾದರೆ ನೀರು ಮುಟ್ಟಿತೋ ಮುಗಿಯಿತು, ಕಾಯಿಲ್ ಸುಡುತ್ತೆ. ನಾನು ಹುಡುಗನಾಗಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಮಳೆ ಹೊಡೆದ ರಾತ್ರಿ ಯಾರೋ ಒಬ್ಬರು "ನೀರು ಕಟ್ಟೆ ಮುಟ್ತಾ ಇದೆ ಬನ್ರಪ್ಪೋ" ಅಂತ ಕೂಗಿದರೆ ಅಕ್ಕಪಕ್ಕದ ತೋಟದವರೆಲ್ಲ ಹಗ್ಗ, ಬೊಂಬು, ಲಾಟೀನು ಹಿಡಿದು ಓಡುತ್ತಿದ್ದರು. ಇಬ್ಬರು ಕೆಳಗಿಳಿದು ಬೋಲ್ಟು ಬಿಚ್ಚೋದು, ಮೇಲೆ ಹತ್ತು ಜನ ಹಗ್ಗ ಹಿಡಿದು "ಐಸಾ" ಅಂತ ಎಳೆಯೋದು. ಕೂಲಿ ಇಲ್ಲ, ಕಾಫಿ ಮಾತ್ರ. ಈ ಸಲ ನಮ್ಮದು, ಮುಂದಿನ ಸಲ ನಿಮ್ಮದು. ಹೊಲದ ಕೆಲಸಕ್ಕೆ ಮುಯ್ಯಾಳು ಅಂತ ಇದ್ದಂತೆ ಮೋಟಾರಿಗೂ ಮುಯ್ಯಾಳು ಇತ್ತು. ದಾಯಾದಿ ಜಗಳದಲ್ಲಿ ಮಾತು ಬಿಟ್ಟವರೂ ಮೋಟಾರು ಎಳೆಯೋದಕ್ಕೆ ಬರುತ್ತಿದ್ದರು. ಅವರ ಮೋಟಾರೂ ಬಾವಿಯಲ್ಲೇ ಇತ್ತಲ್ಲ!

ಆದರೆ ಇದರಲ್ಲಿ ಜೀವ ಹೋದದ್ದೂ ಉಂಟು. ಕಲ್ಲು ಜಾರಿ ಬಿದ್ದವರ ಮಾತು ಒಂದು ಕಡೆ. ಆಯಿಲ್ ಇಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸಿದ ಕಡೆ ಹೊಗೆಯಿಂದ ಸತ್ತ ಸುದ್ದಿ ದೇಶದ ನಾನಾ ಭಾಗಗಳಿಂದ ಪತ್ರಿಕೆಗಳಲ್ಲಿ ಬಂದಿದೆ, ಈಗಲೂ ಬರುತ್ತಿದೆ. ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹಳೆಯ ಕಾಲದಲ್ಲಿ ಲಾಟೀನು ಇಳಿಸಿ, ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು ಅನ್ನುತ್ತಿದ್ದರು. ಗಾಳಿಯೇ ಇಲ್ಲದ ಬಾವಿಗೆ ಆ ಪರೀಕ್ಷೆ ಸರಿ, ಇಂಜಿನ್ ಹೊಗೆಯ ವಿಷಕ್ಕೆ ಅದು ನಡೆಯೋದಿಲ್ಲ. ದೀಪ ಉರಿಯುತ್ತಲೇ ಇರುತ್ತೆ, ಮನುಷ್ಯ ಬೀಳುತ್ತಾನೆ. ಒಬ್ಬ ಬಿದ್ದನೆಂದು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ಮಗ ಇಳಿಯುತ್ತಾನೆ. ಈಗಲೂ ಬಾವಿ ಹೂಳೆತ್ತುವಾಗ ಡೀಸೆಲ್ ಪಂಪು ಕೆಳಗಿಳಿಸುವ ಸದಸ್ಯರು ಇದ್ದರೆ ದಯವಿಟ್ಟು ಇದನ್ನು ಎರಡು ಸಲ ಓದಿ.

ಕರೆಂಟು ಬಂದು ಇಂಜಿನ್ ಹೊಗೆಯ ಭಯ ಕಡಿಮೆಯಾಯಿತು. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂದಿತ್ತು. ಅದೇ ಕೋಲಾರ ಜಿಲ್ಲೆಯೊಳಗಿದ್ದ ನಮ್ಮ ಹಳ್ಳಿಗಳಿಗೆ ಕಂಬ ಬರೋದಕ್ಕೆ ಇನ್ನೂ ಅರ್ಧ ಶತಮಾನದ ಮೇಲೆ ಬೇಕಾಯಿತು. (ನಮ್ಮದು ಬೇರೆ ಜಿಲ್ಲೆಯಾದದ್ದು 2007ರಲ್ಲಿ.) 1957ರಲ್ಲಿ ವಿದ್ಯುತ್ ಮಂಡಳಿ ಆಯಿತು. ಜನ ಅದನ್ನು ಕೆಇಬಿ ಅಂದರು, 2002ರಲ್ಲಿ ಬೆಸ್ಕಾಂ ಆದರೂ ನಮ್ಮ ಬಾಯಲ್ಲಿ ಇವತ್ತಿಗೂ ಅದು ಕೆಇಬಿಯೇ. ಇಂಜಿನ್ ಹೋಗಿ ಮಾನೋಬ್ಲಾಕ್ ಮೋಟಾರು ಬಂತು. ಗುಂಡಿ ಒತ್ತಿದರೆ ನೀರು. ಆಲೂಗಡ್ಡೆ, ದ್ರಾಕ್ಷಿ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ, ಚಿಂತಾಮಣಿ ಕಡೆ ಟೊಮೆಟೊ, ಎಲ್ಲವೂ ಬೆಳೆದದ್ದು ಆ ಗುಂಡಿಯ ಮೇಲೆ. ಕಪಿಲೆ ಹೊಡೆದು ದಿನಕ್ಕೆ ಎತ್ತುತ್ತಿದ್ದ ನೀರು ಈಗ ಸ್ವಲ್ಪ ಹೊತ್ತಿಗೇ ಬಂತು. ಬಾವಿ ಬತ್ತುವುದೂ ಅಷ್ಟೇ ಬೇಗ ಬಂತು. ಸಿಡಿಮದ್ದು ಇಟ್ಟು ಆಳ ಮಾಡಿದೆವು, ಬಾವಿಯ ತಳದಲ್ಲಿ ಅಡ್ಡಬೋರು ಹೊಡೆಸಿದೆವು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಮುಚ್ಚಿದವು, ನೀಲಗಿರಿ ತೋಪು ಎದ್ದಿತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಸುತ್ತಿನ ತೆರೆದ ಬಾವಿಗಳಲ್ಲಿ ಕಟ್ಟೆ ಉಳಿಯಿತು, ನೀರು ಉಳಿಯಲಿಲ್ಲ.

ಕೊಳವೆ ಬಾವಿಯನ್ನು ನಮ್ಮ ಹಳ್ಳಿಗಳು ಮೊದಲು ನೋಡಿದ್ದು ಕುಡಿಯುವ ನೀರಿಗೆ. ಅರವತ್ತರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದುಕೊಟ್ಟಿತು. ಅದರ ಮೇಲೆ ಕೂರಿಸಿದ ಕೈಪಂಪುಗಳು ಮೊದಮೊದಲು ಬೇಗ ಬೇಗ ಕೆಡುತ್ತಿದ್ದವು. ಸೋಲಾಪುರದಲ್ಲಿ ಬಳಕೆಯಲ್ಲಿದ್ದ ಪಂಪನ್ನು ನೋಡಿ ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ತಯಾರು ಮಾಡಿದರು. ಊರ ಮುಂದಿನ ಆ ಹಸಿರೋ ನೀಲಿಯೋ ಬಣ್ಣದ ಕೈಪಂಪು ಅದೇ. ಗಟ್ಟಿ ಪಂಪು, ಅನುಮಾನವಿಲ್ಲ. ಆದರೆ ತಳದ ವಾಷರ್ ಸವೆದರೆ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೇಲಕ್ಕೆ ತರಬೇಕು. ವಾಷರ್ ಅಂಗೈಯಗಲ, ಅದನ್ನು ಬದಲಾಯಿಸೋದಕ್ಕೆ ವ್ಯಾನಿನಲ್ಲಿ ತಂಡ ಬರಬೇಕು. ತಂಡ ಬರುವ ತನಕ ಹೆಂಗಸರು ಬಿಂದಿಗೆ ಹೊತ್ತು ದೂರ ನಡೆಯಬೇಕು.

ಇದನ್ನು ಕಂಡು ಎಂಬತ್ತರ ದಶಕದಲ್ಲಿ ಕೊಯಮತ್ತೂರು ಕಡೆಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿ ಮಾರ್ಕ್-3 ಮಾಡಿದರು. ಉಪಾಯ ಬಹಳ ಸರಳ. ಪೈಪನ್ನು ಅಗಲ ಮಾಡಿ ಎರಡೂವರೆ ಇಂಚಿಗೆ ತಂದರು. ಆಗ ಪೈಪು ಅಲ್ಲೇ ಇರುತ್ತೆ, ಒಳಗಿನ ಸರಳು ಹಿಡಿದು ಎಳೆದರೆ ಪಿಸ್ಟನ್, ಫುಟ್‌ವಾಲ್ ಎರಡೂ ಪೈಪಿನೊಳಗಿಂದಲೇ ಮೇಲೆ ಬರುತ್ತವೆ. ಊರಿನ ಇಬ್ಬರು ಮೂವರು ಸೇರಿ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಪಂಪಿನ ಚರಿತ್ರೆಯಲ್ಲಿ ರಿಪೇರಿ ಮಾಡುವವನ ಕಷ್ಟ ಯೋಚಿಸಿ ಮಾಡಿದ ಯಂತ್ರ ಇದೊಂದೇ. ಆದರೆ ಅಗಲ ಪೈಪಿಗೆ ಖರ್ಚು ಜಾಸ್ತಿ, ಭಾರವೂ ಜಾಸ್ತಿ, ಮಾರ್ಕ್-2 ಹರಡಿದಷ್ಟು ಅದು ಹರಡಲಿಲ್ಲ.

ಹೊಲದ ಬೋರಿಗೆ ಮೊದಲು ಕಂಪ್ರೆಸರ್ ಹಾಕಿದವರು ಇದ್ದಾರೆ. ಅದರಲ್ಲೂ ಒಂದು ಗುಣ ಇತ್ತು. ಬೋರಿನೊಳಗೆ ಹೋಗೋದು ಎರಡು ಪೈಪು ಮಾತ್ರ, ಒಂದರಲ್ಲಿ ಗಾಳಿ ಕೆಳಗೆ, ಇನ್ನೊಂದರಲ್ಲಿ ಗುಳ್ಳೆಯ ಜೊತೆ ನೀರು ಮೇಲೆ. ತಿರುಗುವ ಭಾಗ ಎಲ್ಲವೂ ನೆಲದ ಮೇಲೆ, ಶೆಡ್ಡಿನೊಳಗೆ, ಕೈಗೆ ಸಿಗೋ ಹಾಗೆ. ಆದರೆ ಕರೆಂಟು ಬಹಳ ತಿನ್ನುತ್ತಿತ್ತು, ನೀರು ಕೆಮ್ಮಿ ಕೆಮ್ಮಿ ಬರುತ್ತಿತ್ತು. ಪೈಪಿನ ಉದ್ದದ ಅರ್ಧದಷ್ಟಾದರೂ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಎತ್ತುತ್ತಿತ್ತು. ನೀರು ಇಳಿದ ಮೇಲೆ ಕಂಪ್ರೆಸರುಗಳು ಗುಜರಿಗೆ ಹೋದವು, ಸಬ್‌ಮರ್ಸಿಬಲ್ ಬಂತು.

ಈ ಸಬ್‌ಮರ್ಸಿಬಲ್ ಹುಟ್ಟಿದ್ದು ನೀರಿಗಲ್ಲ, ಎಣ್ಣೆಗೆ ಅಂದ್ರೆ ಆಶ್ಚರ್ಯವಾಗಬಹುದು. ಟಿಫ್ಲಿಸ್ ನಗರದಲ್ಲಿ ಹುಟ್ಟಿದ ಅರುಟುನಾಫ್ ಎಂಬ ಅರ್ಮೇನಿಯಾದ ಮನೆತನದ ಇಂಜಿನಿಯರು ರಷ್ಯಾ ಬಿಟ್ಟು 1923ರಲ್ಲಿ ಅಮೆರಿಕಾ ಸೇರಿದರು. ಅದೇ ದಶಕದಲ್ಲಿ ಕಾನ್ಸಾಸ್ ರಾಜ್ಯದ ಎಣ್ಣೆಬಾವಿಯಲ್ಲಿ ಮೋಟಾರನ್ನೇ ಕೆಳಗಿಳಿಸಿ ಎಣ್ಣೆ ಎತ್ತಿ ತೋರಿಸಿದರು. ಅದೇ ತತ್ವ ನೀರಿಗೂ ಬಂತು. ಉದ್ದ ಕೊಳವೆಯಂಥ ಮೋಟಾರು ಕೆಳಗೆ, ಅದರ ತಲೆಯ ಮೇಲೆ ಪಂಪು, ಪಂಪಿನೊಳಗೆ ಸ್ಟೇಜು. ಆಳ ಹೆಚ್ಚಾದಷ್ಟೂ ಸ್ಟೇಜು ಹೆಚ್ಚು. ಹೀರುವ ಮಾತೇ ಇಲ್ಲ, ತಳದಿಂದ ತಳ್ಳೋದೇ. ಗೆಲಿಲಿಯೋ ಹೇಳಿದ ಮಿತಿ ಇದಕ್ಕೆ ಅಡ್ಡ ಬರೋದಿಲ್ಲ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು ಹಗಲು ರಾತ್ರಿ ಬಂದು ಕೊರೆದವು. 200 ಅಡಿ ಇದ್ದದ್ದು 400 ಆಯಿತು, 600 ಆಯಿತು, ಸಾವಿರ ದಾಟಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 600 ಅಡಿ ಬೋರಿನಿಂದ ಮೋಟಾರು ಎತ್ತಿ ಬದಲಾಯಿಸೋದು ಅಂದ್ರೆ ಏನು? ಬೋರಿನ ಬಾಯಿ ಆರೂವರೆ ಇಂಚು, ಒಬ್ಬರ ಕೈ ಹೋಗುತ್ತೆ, ಕಣ್ಣು ಹೋಗೋದಿಲ್ಲ. ಕೆಳಗೆ ಏನಾಗಿದೆ ಅಂತ ಯಾರೂ ನೋಡಿಲ್ಲ. ಜಿ.ಐ. ಪೈಪು ಒಂದಕ್ಕೆ 20 ಅಡಿ, ಅಂದ್ರೆ 30 ಪೈಪು. ಎರಡಿಂಚಿನ ಪೈಪು ಒಂದೊಂದು ಸುಮಾರು 30 ಕೆ.ಜಿ. ಪೈಪೇ ಹತ್ತಿರ ಹತ್ತಿರ ಒಂದು ಟನ್. ಅದರ ಮೇಲೆ ಮೋಟಾರು, ಪಂಪು, ಕೇಬಲ್ಲು, ಪೈಪಿನೊಳಗೆ ನಿಂತ ನೀರು. ಇಷ್ಟೂ ಭಾರ ಬೋರಿನ ಬಾಯಲ್ಲಿ ಒಂದು ಜೊತೆ ಕ್ಲಾಂಪಿನ ಮೇಲೆ ನೇತಾಡುತ್ತಿರುತ್ತೆ.

ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಚೈನ್ ಪುಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಇದಕ್ಕೆ ಪೂರ್ತಿ ಒಂದು ದಿನ ಬೇಕು. ಒಂದು ಪೈಪು ಎತ್ತು, ಕೆಳಗಿನ ಪೈಪಿಗೆ ಕ್ಲಾಂಪು ಹಾಕು, ಪೈಪ್ ರಿಂಚು ಎರಡು ಕಡೆ ಹಿಡಿದು ಮರೆ ಬಿಚ್ಚು, ಕೇಬಲ್ಲು ಬಿಡಿಸಿ ಸುತ್ತು, ಪೈಪು ಪಕ್ಕಕ್ಕೆ ಮಲಗಿಸು. ಹೀಗೆ ಮೂವತ್ತು ಸಲ. ಹೊಸ ಮೋಟಾರು ಬಿಡುವಾಗ ಮತ್ತೆ ಮೂವತ್ತು ಸಲ. ಕ್ಲಾಂಪಿನ ಬೋಲ್ಟು ಸಡಿಲವಿದ್ದರೆ ಅಲ್ಲಿಗೆ ಮುಗಿಯಿತು. ಒಂದು ಕ್ಷಣದಲ್ಲಿ ಎಲ್ಲ ಪಾತಾಳಕ್ಕೆ. ನೆಟ್ಟಗೆ ನಿಂತ 20 ಅಡಿ ಪೈಪು ಮೇಲಿನ ಲೈನಿಗೆ ತಗುಲಿದರೆ ಹಿಡಿದವರೆಲ್ಲ ಹೋಗುತ್ತಾರೆ. ಲೈನು ಹತ್ತಿರವಿದ್ದರೆ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸದೆ ಕೆಲಸ ಶುರು ಮಾಡಬಾರದು. ನಮ್ಮಲ್ಲಿ ಎಷ್ಟೋ ಜನ "ಅರ್ಧ ಗಂಟೆ ಕೆಲಸ" ಅಂತ ಹಾಗೇ ನುಗ್ಗುತ್ತಾರೆ, ಅದು ತಪ್ಪು.

ಈಗ ಟ್ರ್ಯಾಕ್ಟರಿಗೆ, ಲಾರಿಗೆ ಕೂರಿಸಿದ ಕ್ರೇನು ಬಂದಿವೆ. ನಾಲ್ಕು ಹುಡುಗರು ಬರುತ್ತಾರೆ, ಮೂರ್ನಾಲ್ಕು ಗಂಟೆಯಲ್ಲಿ ಎತ್ತಿಬಿಡುತ್ತಾರೆ. ರೈತ ದಡದಲ್ಲಿ ನಿಂತು ನೋಡುತ್ತಾನೆ, ಅಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ಅಕ್ಕಪಕ್ಕದವರು ಬರೋದಿಲ್ಲ, ಬಂದರೂ ಮಾಡುವ ಕೆಲಸ ಇಲ್ಲ. ಆ ಹುಡುಗರನ್ನು ನಾನು ದೂರೋದಿಲ್ಲ, ಬಿಸಿಲಲ್ಲಿ ಅವರು ಪಡುವ ಪಾಡು ದೊಡ್ಡದು. ಮುಯ್ಯಾಳು ಹೋಗಿ ಬಾಡಿಗೆ ಬಂತು ಅನ್ನೋದು ಮಾತ್ರ ಚರಿತ್ರೆಯಲ್ಲಿ ಸೇರಬೇಕು. ಬಾಡಿಗೆಗೆ ನಗದು ಬೇಕು, ಮೋಟಾರು ಕೆಡೋದು ನಗದು ಇಲ್ಲದ ಬೇಸಿಗೆಯಲ್ಲೇ. ಹಾಲಿನ ಬಟವಾಡೆ ಬರುವ ತನಕ ಕಾದು ಮೋಟಾರು ಎತ್ತಿಸಿದ ಸದಸ್ಯರು ನಮ್ಮಲ್ಲಿ ಬಹಳ ಜನ ಇದ್ದಾರೆ, ಹೆಸರು ಬೇಡ.

ಮೋಟಾರು ಯಾಕೆ ಸುಡುತ್ತೆ? ಕಡಿಮೆ ವೋಲ್ಟೇಜು ಒಂದು. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರು ಎರಡರ ಮೇಲೆ ನರಳಿ ಓಡೋದು ಇನ್ನೊಂದು. ಕರೆಂಟು ಬಂದ ಕೂಡಲೇ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎಳೆದು ಟ್ರಾನ್ಸ್‌ಫಾರ್ಮರ್ ಮಂಡಿಯೂರೋದು ಮತ್ತೊಂದು. ಬೋರು ಬತ್ತಿ ಬರೀ ಗಾಳಿಯಲ್ಲಿ ತಿರುಗಿದರೂ ಸುಡುತ್ತೆ, ಯಾಕಂದ್ರೆ ಮೋಟಾರಿಗೆ ತಂಪು ಕೊಡೋದು ಅದರ ಮೈಮೇಲೆ ಹರಿಯುವ ನೀರೇ. ಇವೆಲ್ಲದಕ್ಕೂ ಈಗ ಪ್ಯಾನೆಲ್ ಬೋರ್ಡಿನಲ್ಲೇ ತಡೆ ಸಿಗುತ್ತೆ. ಒಂದು ಸಲ ಎತ್ತಿಸುವ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಸುಟ್ಟ ಮೋಟಾರಿಗಿಂತ ಕಷ್ಟ ಸಿಕ್ಕಿಹಾಕಿಕೊಂಡ ಮೋಟಾರು. ಕೇಸಿಂಗ್ ಪೈಪು ಇರೋದು ಮೇಲಿನ ಸಡಿಲ ಮಣ್ಣಿಗೆ ಮಾತ್ರ, ಅದರ ಕೆಳಗೆ ಬರೀ ಬಂಡೆ. ಸಂದಿನಿಂದ ಒಂದು ಕಲ್ಲುಚೂರು ಜಾರಿ ಮೋಟಾರಿಗೂ ಗೋಡೆಗೂ ನಡುವೆ ಕೂತರೆ ಕ್ರೇನು ಎಳೆದಷ್ಟೂ ಬಿಗಿಯುತ್ತೆ. ಇಲ್ಲವೇ ತುಕ್ಕು ಹಿಡಿದ ಮರೆ ಕಡಿದು ಅರ್ಧ ಪೈಪು ಕೆಳಗೇ ಉಳಿಯುತ್ತೆ. ಆಗ ಕೊಕ್ಕೆ ಇಳಿಸಿ, ಕಾಣದ ಪೈಪನ್ನು ತಡಕಿ ಹಿಡಿಯಬೇಕು. ನಮ್ಮ ಸುತ್ತಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಕೈಯಲ್ಲಿ ಹಗ್ಗ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಾರೆ, ಕೆಳಗೆ ಕೊಕ್ಕೆ ಕಬ್ಬಿಣಕ್ಕೆ ತಾಗಿತೋ ಕಲ್ಲಿಗೆ ತಾಗಿತೋ ಹಗ್ಗದ ಅದುರಿನಲ್ಲೇ ಹೇಳುತ್ತಾರೆ. ಹಳೇ ಪಾತಾಳಗರಡಿಯ ವಿದ್ಯೆಯೇ ಇದು, ಆಳ ಮಾತ್ರ ಬೇರೆ.

ಅದೂ ಆಗದಿದ್ದರೆ ಬೋರು, ಮೋಟಾರು ಎರಡೂ ಹೋದ ಲೆಕ್ಕ. ಸಾಲ ಮಾತ್ರ ಉಳಿಯುತ್ತೆ. ಪಕ್ಕದಲ್ಲೇ ಇನ್ನೊಂದು ಕೊರೆಸುತ್ತೇವೆ. ಹಾಗೆ ಕೊರೆಸಿ ಕೊರೆಸಿ ನಮ್ಮ ಜಿಲ್ಲೆಯ ಬಹುತೇಕ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂತಿವೆ. ಇಂಥ ಕಡೆ ಹೊಸ ಬೋರಿಗೆ ಅನುಮತಿ ಪಡೆಯಬೇಕು ಅಂತ 2011ರಲ್ಲಿ ಕಾನೂನೇ ಆಗಿದೆ. ಬಿಟ್ಟ ಬೋರನ್ನು ಮುಚ್ಚಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದೆ, ಮಕ್ಕಳು ಬಿದ್ದು ಸತ್ತದ್ದನ್ನು ನೋಡಿ ಮಾಡಿದ ಆದೇಶ ಅದು. ಆದರೂ ಕಲ್ಲುಚಪ್ಪಡಿ ಇಟ್ಟು ಸುಮ್ಮನಾದ ಬೋರುಗಳು ನಮ್ಮ ಹೊಲಗಳಲ್ಲಿ ಎಷ್ಟಿವೆ ಅಂತ ನಮಗೇ ಗೊತ್ತು.

ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತ ಬೇಕು ಅಂತ ಹೋರಾಟಗಾರರು ಕೇಳುತ್ತಲೇ ಇದ್ದಾರೆ, ನನಗೂ ಅದು ನ್ಯಾಯವಾದ ಮಾತು ಅನ್ನಿಸುತ್ತೆ. ಎತ್ತಿನಹೊಳೆಯ ಕಲ್ಲು ಚಿಕ್ಕಬಳ್ಳಾಪುರದಲ್ಲಿ ಇಟ್ಟದ್ದು 2014ರಲ್ಲಿ, ಸಕಲೇಶಪುರದ ಕಡೆ ಮೊದಲ ಹಂತ ಚಾಲೂ ಆದದ್ದು 2024ರಲ್ಲಿ. ಆ ನೀರಿನ ವಿಚಾರ ಬರೆಯೋದಕ್ಕೆ ಬೇರೆ ಲೇಖನವೇ ಬೇಕು. ಸದ್ಯಕ್ಕೆ ನಮ್ಮ ಬದುಕು ಕೆಳಗೆ ನೇತಾಡುವ ಮೋಟಾರಿನ ಮೇಲೆಯೇ ಇದೆ.

ಕೊನೆಯದಾಗಿ ಒಂದು ವಿನಂತಿ. ಮೋಟಾರು ಎತ್ತುವವರು ಬಂದಾಗ ಮೊದಲು ಕೇಳುವ ಪ್ರಶ್ನೆ "ಎಷ್ಟು ಪೈಪು ಬಿಟ್ಟಿದ್ದೀರಣ್ಣ?" ಅಂತ. ಅಪ್ಪ ಬಿಡಿಸಿದ್ದು ಮಗನಿಗೆ ಗೊತ್ತಿರೋದಿಲ್ಲ. ಅಪ್ಪ ತೀರಿಹೋದ ಮನೆಯಲ್ಲಿ ಯಾರಿಗೂ ಗೊತ್ತಿರೋದಿಲ್ಲ. ಪೈಪು ಎಷ್ಟು ಅಂತ ತಿಳಿಯದೆ ಎಳೆದು, ಕೊನೆಯ ಪೈಪು ಬಂತೆಂದು ಕ್ಲಾಂಪು ಬಿಚ್ಚಿ ಮೋಟಾರು ಕಳೆದುಕೊಂಡ ಉದಾಹರಣೆ ಪಕ್ಕದ ಹಳ್ಳಿಯಲ್ಲೇ ಇದೆ. ಆದ್ದರಿಂದ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಹಾಲು ಹಾಕೋದಕ್ಕೆ ಬಂದಾಗ ಸದಸ್ಯರು ತಮ್ಮ ಬೋರಿನ ವಿವರ ಬರೆಸಬೇಕು: ಕೊರೆಸಿದ ವರ್ಷ, ಒಟ್ಟು ಆಳ, ಕೇಸಿಂಗ್ ಎಷ್ಟು ಅಡಿ, ನೀರು ಸಿಕ್ಕ ಅಡಿ, ಮೋಟಾರಿನ ಎಚ್‌ಪಿ ಮತ್ತು ಸ್ಟೇಜು, ಪೈಪಿನ ಜಾತಿ ಮತ್ತು ಸಂಖ್ಯೆ, ಕೇಬಲ್ಲಿನಲ್ಲಿ ಜಾಯಿಂಟು ಎಷ್ಟನೇ ಪೈಪಿನ ಹತ್ತಿರ ಇದೆ, ಸೇಫ್ಟಿ ಹಗ್ಗ ಕಟ್ಟಿದೆಯೋ ಇಲ್ಲವೋ, ಕಡೆಯ ಸಲ ಎತ್ತಿದ ತಾರೀಖು. ಬಿಟ್ಟ ಬೋರು ಇದ್ದರೆ ಅದನ್ನೂ ಬರೆಸಿ, ಮುಚ್ಚಳದ ವ್ಯವಸ್ಥೆಗೆ ಪಟ್ಟಿ ಮಾಡಿ ಪಂಚಾಯಿತಿಗೆ ಕೊಡೋಣ ಅಂತ ಯೋಚನೆ ಇದೆ. ಪುಸ್ತಕ ಹಾಲಿನ ಪರೀಕ್ಷೆ ಮೇಜಿನ ಎಡಗಡೆ ಗೂಡಿನಲ್ಲಿದೆ. ಬರೆಯಲು ಬಾರದವರು ಹೇಳಿದರೆ ಸಾಕು, ಪರೀಕ್ಷಕ ಹುಡುಗ ಬರೆದುಕೊಳ್ಳುತ್ತಾನೆ.